ಹಿಂದೆ ಬಿದ್ದ ಗಾಡಿಯ ಉತ್ತರ

ಹೊಳೆ ಊರೊಳಗೆ ಬರುವಾಗ ಸಪ್ಪಳ ಮಾಡುವುದಿಲ್ಲ. ಬೆಕ್ಕಿನ ಹಾಗೆ ಬರುತ್ತದೆ. ಮೊದಲು ಬಚ್ಚಲಿನ ಕಿಂಡಿಯಲ್ಲಿ ಮೂತಿ ಇಡುತ್ತದೆ, ಆಮೇಲೆ ಹೊಸ್ತಿಲು ನೆಕ್ಕುತ್ತದೆ, ಬೆಳಗಾಗುವುದರೊಳಗೆ ಒಲೆಯ ಮೇಲೆ ಕೂತಿರುತ್ತದೆ. ಎರಡು ಸಾವಿರದ ಹತ್ತೊಂಬತ್ತರ ಶ್ರಾವಣದಲ್ಲಿ ಕೃಷ್ಣೆ ತನ್ನ ದಂಡೆಯ ಊರುಗಳ ಒಲೆಗಳ ಮೇಲೆಲ್ಲ ಹಾಗೆಯೇ ಬಂದು ಕೂತಳು. ಮಂದಿ ಕೈಗೆ ಸಿಕ್ಕದ್ದನ್ನು ಹಿಡಿದು, ಸಿಕ್ಕ ದೋಣಿ ಹತ್ತಿ, ಸಿಕ್ಕ ಊರಲ್ಲಿ ಇಳಿದರು. ಗಂಡ ಶಿರಗುಪ್ಪಿಯಲ್ಲಿ, ಹೆಂಡತಿ ಅಥಣಿಯಲ್ಲಿ. ತಾಯಿ ಒಂದು ಶಾಲೆಯಲ್ಲಿ, ಮಗು ಇನ್ನೆಲ್ಲೋ ಗುಡಿಯಲ್ಲಿ. ಹೀಗಾಗಿ ಊರವರೇ ಕಟ್ಟಿಕೊಂಡ ಪರಿಹಾರ ಸಮಿತಿಯವರು ಕಾಗವಾಡದ ಒಂದು ಮಂಗಲ ಕಾರ್ಯಾಲಯದಲ್ಲಿ, ಅಕ್ಷತೆ ಬೀಳುವ ವೇದಿಕೆಯ ಮೇಲೆ, ಒಂದು ಉದ್ದನೆಯ ಟೇಬಲ್ಲು ಹಾಕಿ ಎರಡು ಕಂಪ್ಯೂಟರ್ ಇಟ್ಟರು. ಹೀಗೆ ಒಬ್ಬರಿಗೊಬ್ಬರು ತಪ್ಪಿಹೋದವರನ್ನು ಹುಡುಕಿಕೊಡುವ ಜಾಗ ಅದು.

ಒಂದು ಕಂಪ್ಯೂಟರಿನ ಮುಂದೆ ವಿಕ್ರಾಂತ. ನಿಪ್ಪಾಣಿಯವನು, ಎಂಜಿನಿಯರಿಂಗ್ ಕೊನೆಯ ವರ್ಷ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುವ ಹುಡುಗ. ಗೆಳೆಯರ ಜೊತೆ ಸೇರಿ ಅವನು ನೆರೆಹಾವಳಿಗೆ ಸಿಕ್ಕ ಮಂದಿಗಾಗಿಯೇ ಒಂದು ಸರ್ಚ್ ಎಂಜಿನ್ ಮಾಡಿದ್ದ. ಎಲ್ಲ ಕೇಂದ್ರಗಳಿಂದ ವಾಟ್ಸಾಪಿನಲ್ಲಿ ಬಂದ ಪಟ್ಟಿಗಳು, ಫೋಟೋಗಳ ಕೆಳಗಿನ ಮಾತುಗಳು, ಎಲ್ಲವನ್ನೂ ಅದು ನಸುಕಿನಲ್ಲೇ ಓದಿ, ಶಬ್ದ ಶಬ್ದ ಬಿಡಿಸಿ ಇಟ್ಟುಕೊಂಡಿರುತ್ತಿತ್ತು. ಪರದೆಯ ಮೇಲಿನ ಬಿಳಿಯ ಚೌಕದಲ್ಲಿ ಹೆಸರು ಬರೆದು ಒತ್ತಿದರೆ, ಆ ಶಬ್ದಗಳು ಯಾವ ಹಾಳೆಯಲ್ಲಿವೆಯೋ ಆ ಹಾಳೆಯನ್ನು ರೆಪ್ಪೆ ಬಡಿಯುವುದರೊಳಗೆ ಮುಂದೆ ತಂದಿಡುತ್ತಿತ್ತು.

ಇನ್ನೊಂದರ ಮುಂದೆ ಸಮ್ಮೇದ. ಶೇಡಬಾಳದ ಕಿರಾಣಿ ಅಂಗಡಿಯ ಜಿನ್ನಪ್ಪನವರ ಮಗ. ಮಾತು ಕಡಿಮೆ, ಸಿಟ್ಟು ಹೆಚ್ಚು, ಅದೂ ಒಳಗೊಳಗೇ. ಅವನದು ಸಮಿತಿಯ ಡೇಟಾಬೇಸು. ಒಬ್ಬ ಮನುಷ್ಯನಿಗೆ ಒಂದು ಸಾಲು: ಹೆಸರು, ಅಡ್ಡಹೆಸರು, ಊರು, ವಯಸ್ಸು, ಯಾವ ಕೇಂದ್ರ, ಮೈಯಲ್ಲಿ ಹೇಗಿದ್ದಾರೆ. ಕೇಂದ್ರದವರು ಅಲ್ಲಲ್ಲೇ ತುಂಬುತ್ತಿದ್ದರು, ತಿದ್ದುತ್ತಿದ್ದರು. ಕೇಳಿದಾಗ ಅದು ಆಗಿಂದಾಗ ಒಂದೊಂದು ಕೇಂದ್ರಕ್ಕೂ ಹೋಗಿ, ಸಾಲು ಸಾಲು ತಾಳೆ ನೋಡಿ ಬರಬೇಕು. ಅದೂ ನೀರಿನಲ್ಲಿ ಕಾಲಿಟ್ಟು ನಿಂತ ಟಾವರುಗಳ ಬಡಕಲು ನೆಟ್‌ವರ್ಕಿನ ಮೇಲೆ. ಅದರ ಒಂದು ಉತ್ತರ ಬರುವಷ್ಟರಲ್ಲಿ ತುಂಬಿದ ಕಪ್ಪಿನ ಚಹಾ ಆರಿ ಹೋಗುತ್ತಿತ್ತು.

"ಹಿಂಗ್ಯಾಕ?" ಎಂದು ಮಂದಿ ಕೇಳಿದ್ದರು.

"ನಂದು ಮೊದಲ ಎಲ್ಲಾ ಓದಿ ಬಾಯಿಪಾಠ ಮಾಡಿಟ್ಟಿರತೈತ್ರಿ," ಎಂದಿದ್ದ ವಿಕ್ರಾಂತ. "ಕೇಳಿದ ಕೂಡಲೇ ನೆನಪಿಂದ ಹೇಳತೈತಿ."

"ನಂದು ಈಗ ಎದ್ದು ಹೋಗಿ, ಒಬ್ಬೊಬ್ಬರ ಮಾರಿ ನೋಡಿ ಬಂದು ಹೇಳತೈತ್ರಿ," ಎಂದಿದ್ದ ಸಮ್ಮೇದ.

"ಮಾರಿ ನೋಡಕೋಂತ ನಿಂತ್ರ ಗಾಡಿ ಓಡತೈತೇನಲೇ ಸಾವಕಾರ?" ಎಂದು ನಕ್ಕವನು ಮೊಳವಾಡದ ಮುರಗೆಪ್ಪ.

ಈ ಸೀಮೆಯ ಗಂಡಸರಿಗೆ ಎರಡು ಏನಾದರೂ ಪಕ್ಕಪಕ್ಕ ನಿಂತರೆ ಸಾಕು, ಶರ್ಯತ್ತು ಕಾಣುತ್ತದೆ. ಬೇಸಗೆಯಲ್ಲಿ ಗಾಡಿಗೆ ಎತ್ತು ಹೂಡಿ ಬಯಲಲ್ಲಿ ಓಡಿಸುವ ಮಂದಿ ಇವರು; ಗೆದ್ದ ಎತ್ತಿಗೆ ಮಗನಿಗಿಂತ ಹೆಚ್ಚು ಗುಲಾಲು ಹಾಕುವವರು. ಮುರಗೆಪ್ಪ ಶರ್ಯತ್ತಿನ ಪಂಚ. ಗೆರೆಯ ಹತ್ತಿರ ನಿಶಾನೆ ಹಿಡಿದು ನಿಲ್ಲುವುದು ಅವನ ಮಾನ. ಈಗ ಎತ್ತುಗಳು ಎಲ್ಲೋ ದನಗಳ ಶಿಬಿರದಲ್ಲಿ, ಹೊಲ ನೀರಿನ ತಳದಲ್ಲಿ, ಕೈಗೆ ಕೆಲಸವಿಲ್ಲ. ಎರಡನೆಯ ದಿನವೇ ಅವನು ವಿಕ್ರಾಂತನ ಕಂಪ್ಯೂಟರಿಗೆ ಹರಣ್ಯಾ ಎಂದು, ಸಮ್ಮೇದನದಕ್ಕೆ ಸರ್ಜ್ಯಾ ಎಂದು ಎತ್ತಿನ ಹೆಸರಿಟ್ಟ. ವಧು–ವರರ ಹೆಸರು ಬರೆಯುವ ಬಾಗಿಲ ಹಲಗೆಯನ್ನು ಒಳಗೆ ತಂದು, ಎರಡು ಹೆಸರು ಬರೆದು, ನಡುವೆ ಗೆರೆ ಎಳೆದ. ಯಾರೇ ಬಂದು ತಮ್ಮವರನ್ನು ಕೇಳಿದರೂ ಇಬ್ಬರೂ ಒಟ್ಟಿಗೇ ಬರೆದು ಒಟ್ಟಿಗೇ ಒತ್ತಬೇಕು. ಯಾರ ಉತ್ತರ ಮೊದಲೋ ಆ ಕಡೆ ಮುರಗೆಪ್ಪನ ಹೆಗಲಿನ ಕೆಂಪು ವಲ್ಲಿ ನಿಶಾನೆಯ ಹಾಗೆ ಬೀಳುತ್ತಿತ್ತು. ಹಂಚಲು ತಂದ ಬಿಸ್ಕೀಟಿನ ಪುಡಾಗಳು ಪಣಕ್ಕೆ.

ಬಯಲಿನ ನಿಯಮವೇ ಇಲ್ಲಿಯೂ: ಮೊದಲ ಗಾಡಿ ಗೆರೆ ದಾಟಿದರೆ ನಿಶಾನೆ ಬೀಳುತ್ತದೆ; ನಿಶಾನೆ ಬಿದ್ದ ಮೇಲೆ ಹಿಂದಿನ ಗಾಡಿ ಬಯಲು ಬಿಟ್ಟು ಪಕ್ಕಕ್ಕೆ ಹೋಗಬೇಕು, ಇಲ್ಲದಿದ್ದರೆ ಮುಂದಿನ ಜೋಡಿಗೆ ಅಡ್ಡ. ಹಾಗಾಗಿ ವಲ್ಲಿ ಬಿದ್ದ ಕೂಡಲೇ ಸಮ್ಮೇದ ತನ್ನ ಹುಡುಕಾಟವನ್ನು ಅರ್ಧಕ್ಕೇ ನಿಲ್ಲಿಸಬೇಕಾಗುತ್ತಿತ್ತು. ಒಮ್ಮೆಯೂ ಅವನ ಸರ್ಜ್ಯಾ ಗೆರೆ ಮುಟ್ಟಿರಲಿಲ್ಲ. ಹರಣ್ಯಾ ಹೇಳಿದ್ದು ಬಹಳ ಸಲ ಸರಿಯೇ ಇರುತ್ತಿತ್ತು. ಕೆಟ್ಟದ್ದಾದದ್ದು ಅದರಿಂದಲೇ. ಒಂದು ಸಲವೂ ಎಡವದ ಎತ್ತಿನ ಕಾಲನ್ನು ಯಾರು ನೋಡುತ್ತಾರೆ?

ಸಾರಿಕಾ ಬಂದದ್ದು ನಾಲ್ಕನೆಯ ದಿನ, ಬಿಸಿಲೂ ಅಲ್ಲದ ಮಳೆಯೂ ಅಲ್ಲದ ಒಂದು ಹೊತ್ತಿನಲ್ಲಿ. ಇಪ್ಪತ್ತೆರಡರ ಹುಡುಗಿ, ಮೊಣಕಾಲ ತನಕ ಕೆಸರು. ಎದೆಗವಚಿಕೊಂಡ ಸ್ಟೀಲಿನ ಥರ್ಮಾಸು; ಅದರಲ್ಲಿ ಚಹಾ ಇರಲಿಲ್ಲ, ಬರ್ಫದ ನಡುವೆ ಒಂದು ಇನ್ಸುಲಿನ್ ಬಾಟಲಿ ಇತ್ತು. ಇಚಲಕರಂಜಿಯಲ್ಲಿ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಅವಳ ಕೆಲಸ. ಜುಗೂಳದ ಮನೆಯಲ್ಲಿ ಅವಳ ಅಜ್ಜಿ ಶೇವಂತಾ ಒಬ್ಬಳೇ. ತಾಯಿ ಇಲ್ಲದ ಸಾರಿಕಾಳನ್ನು ಕಥೆ ಹೇಳಿ ಹೇಳಿ ಬೆಳೆಸಿದವಳು. ಸಾರಿಕಾ ಅವಳನ್ನು ಕರೆಯುವುದು ಆಯಿ ಎಂದು. ಆಯಿಗೆ ಸಕ್ಕರೆ ಬೇನೆ, ದಿನಾ ಸೂಜಿ ಬೇಕು. ವಾರಕ್ಕೊಮ್ಮೆ ಊರಿಗೆ ಹೋಗಿ ಸಾರಿಕಾ ಸೂಜಿಗಳನ್ನೆಲ್ಲ ತುಂಬಿಟ್ಟು, ಪಕ್ಕದ ಮನೆಯವಳಿಗೆ ಹೇಳಿ ಬರುತ್ತಿದ್ದಳು. ಆ ಸೂಜಿಗಳು ಈಗ ಮನೆಯೊಂದಿಗೆ ಮುಳುಗಿದ್ದವು. ಆಯಿಯನ್ನು ಯಾರೋ ದೋಣಿಗೆ ಹತ್ತಿಸಿದ್ದನ್ನು ಪಕ್ಕದ ಮನೆಯವಳು ನೋಡಿದ್ದಳು. ಎಲ್ಲಿ ಇಳಿಸಿದರೆಂದು ಅವಳಿಗೂ ಗೊತ್ತಿರಲಿಲ್ಲ.

"ಬರ್ರಿ, ಬರ್ರಿ ತಂಗಿ," ಎಂದ ಮುರಗೆಪ್ಪ, ವಲ್ಲಿ ಕೊಡವಿಕೊಳ್ಳುತ್ತ. "ಯಾರ ಬೇಕಾಗ್ಯಾರ?"

"ನಮ್ಮ ಆಯಿ ರೀ. ಶೇವಂತಾ ಕಾಂಬಳೆ. ಜುಗೂಳದಾಕಿ."

ಕಾಂಬಳೆ ಎಂಬ ದಲಿತರ ಕೇರಿಯ ಅಡ್ಡಹೆಸರು ಕಿವಿಗೆ ಬಿದ್ದದ್ದೇ ಮುರಗೆಪ್ಪನ 'ಬರ್ರಿ' 'ಬಾ' ಆಯಿತು. "ಬಾ, ಅಲ್ಲೇ ನಿಂದರು. ಏ, ಜೋಡಿ ತಯಾರ್ ಏನ್ರೆಲೇ?"

"ಅಣ್ಣಾರ, ಸ್ವಲ್ಪ ಲಗೂ ನೋಡ್ರಿ," ಸಾರಿಕಾ ಟೇಬಲ್ಲಿನ ಅಂಚು ಹಿಡಿದಳು. "ಆಕಿಗೆ ಸೂಜಿ ತಪ್ಪಿ ನಾಕ ದಿನಾ ಆತು. ಹಿಂಗ ಬಿಟ್ರ ಮೈಮ್ಯಾಲೆ ಖಬರ ಇರೂದಿಲ್ಲಂತ ಡಾಕ್ಟರ್ ಹೇಳ್ಯಾರ."

"ಲಗೂ ಬೇಕಂದ್ರ ನಮ್ಮ ಹರಣ್ಯಾ ಐತೆಲಾ," ಎಂದು ಹಿಂದಿನಿಂದ ಯಾರೋ ಕೂಗಿದರು.

"ನಂದೊಂದ ಪುಡಾ ಸರ್ಜ್ಯಾನ ಮ್ಯಾಲೆ!" ಎಂದ ಧೂಳಪ್ಪ. ಅವನು ಮೊದಲ ದಿನದಿಂದಲೂ ಸೋತ ಎತ್ತಿನ ಕಡೆಯವನು, ಹಟಕ್ಕೆ.

"ಧೂಳ್ಯಾ, ನೀ ಉಪಾಸ ಸಾಯ್ತಿ ನೋಡಲೇ."

ಮುರಗೆಪ್ಪ ವಲ್ಲಿ ಎತ್ತಿದ. ಇಬ್ಬರೂ ಬರೆದರು, ಇಬ್ಬರೂ ಒತ್ತಿದರು. ಅವನ ಕೈ ಇನ್ನೂ ಮೇಲಿರುವಾಗಲೇ ವಿಕ್ರಾಂತನ ಪರದೆಯ ಮೇಲೆ ಒಂದು ಹಾಳೆ ಬಂದು ನಿಂತಿತು. 'ಶೇವಂತಾ', 'ಕಾಂಬಳೆ', 'ಜುಗೂಳ', ಮೂರೂ ಶಬ್ದಗಳಿಗೆ ಅರಿಶಿನ ಹಚ್ಚಿದಂತೆ ಹಳದಿ ಬಣ್ಣ.

"ಸಿಕ್ಕರು! ರಾಯಬಾಗ, ಅಲ್ಲೊಂದು ಶಾಲಿ. ಪಕ್ಕಾ!"

ವಲ್ಲಿ ಬಿತ್ತು. ಚಪ್ಪಾಳೆ ಬಿತ್ತು. ಮುರಗೆಪ್ಪ ಹಲಗೆಯ ಮೇಲೆ ಹರಣ್ಯಾನ ಕೆಳಗೆ ಇನ್ನೊಂದು ಗೀಟು ಎಳೆದ. ಸಮ್ಮೇದನ ಪರದೆಯಲ್ಲಿ ಇನ್ನೂ ಸಣ್ಣ ಚಕ್ರ ತಿರುಗುತ್ತಿತ್ತು.

ರಾಯಬಾಗ ಹೊಳೆಯ ಆಚೆ. ಸೇತುವೆಗಳೆಲ್ಲ ನೀರಿನಡಿಗೆ ಹೋಗಿದ್ದವು; ರೈಲಿನ ಸೇತುವೆ ಮಾತ್ರ ಇನ್ನೂ ತಲೆ ಮೇಲಿಟ್ಟುಕೊಂಡಿತ್ತು.

"ಶೇಡಬಾಳಕ್ಕ ಈಗೊಂದು ಗಾಡಿ ಬರತೈತ್ರಿ," ಎಂದ ವಿಕ್ರಾಂತ. "ಇದ ಕಡೀದು, ಇನ್ನ ಬಿಡಾಂಗಿಲ್ಲ ಅಂತ ಮಾತು. ಹೋಗೂದಾದ್ರ ಓಡ್ರಿ."

ಸಾರಿಕಾ ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ಜುಗೂಳದಿಂದ ಹೊರಟ ದೋಣಿ ಆಚೆ ದಂಡೆಗೆ ಯಾಕೆ ಹೋಯಿತು ಎಂಬುದು ಅವಳಿಗೆ ಹೊಳೆಯದೆ ಉಳಿದಿತ್ತು. ಅವಳು ಸಮ್ಮೇದನ ಮುಂದೆ ನಿಂತಳು.

"ಅಣ್ಣಾರ, ನಿಮ್ಮದ ಏನ ಹೇಳತೈತ್ರಿ?"

ಇಡೀ ಕಾರ್ಯಾಲಯ ನಕ್ಕಿತು.

"ಸೋತ ಎತ್ತಿನ ಬಾಲಾ ಯಾಕ ಹಿಡೀತಿ ಬೇ?"

"ಸರ್ಜ್ಯಾ ಗೆರಿ ಮುಟ್ಟೂದರಾಗ ನಿಮ್ಮಾಯಿ ಈಜಿ ಬಂದಿರತಾಳ ತಗೋ!"

ಸಮ್ಮೇದನ ಕಿವಿ ಕೆಂಪಾದವು. ಮೂರು ದಿನಗಳಿಂದ ಈ ನಗೆ. ಅವನ ಒಂದೊಂದು ಸಾಲನ್ನು ಯಾರೋ ಕೆಸರಿನಲ್ಲಿ ಕೂತು ಕೇಳಿ ತುಂಬಿದ್ದರು, ಆ ಸಾಲುಗಳೆಲ್ಲ ಸರಿಯಿದ್ದವು, ಆದರೆ ಅವನ್ನು ಓದುವ ತನಕ ಯಾರೂ ನಿಲ್ಲುತ್ತಿರಲಿಲ್ಲ. ನಿಂತವಳು ಇವಳೊಬ್ಬಳೇ. ಅವಳ ಮೇಲೆಯೇ ಅವನು ಸಿಟ್ಟು ಇಳಿಸಿದ. ಅಷ್ಟು ಮಂದಿಯಲ್ಲಿ ಇಳಿಸಬಹುದಾದವಳು ಅವಳೊಬ್ಬಳೇ ಇದ್ದಳು.

"ಗೆದ್ದಂವ ಅಲ್ಲಿ ಕುಂತಾನಲ್ಲ, ಅವನ್ನ ಕೇಳ," ಎಂದ. ಅವಳ ಕಣ್ಣೆದುರಿಗೇ ಕೀಲಿ ಒತ್ತಿ, ತಿರುಗುತ್ತಿದ್ದ ಚಕ್ರವನ್ನು ನಿಲ್ಲಿಸಿದ.

ಯಾರೋ ಬೈಕು ಚಾಲು ಮಾಡಿದರು. ಸಾರಿಕಾ ಥರ್ಮಾಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದೆ ಕೂತಳು.

ಅವಳು ಹೋದ ಮೇಲೆ ಸ್ವಲ್ಪ ಹೊತ್ತು ಯಾರೂ ಬರಲಿಲ್ಲ. ಮಂದಿ ಉಪ್ಪಿಟ್ಟು ತಿನ್ನುತ್ತಿದ್ದರು. ಸಮ್ಮೇದ ತಟ್ಟೆ ಬದಿಗಿಟ್ಟು, ಯಾರಿಗೂ ಹೇಳದೆ, ಅದೇ ಹೆಸರು ಮತ್ತೆ ಬರೆದು ಒತ್ತಿದ. ಈ ಸಲ ವಲ್ಲಿ ಇರಲಿಲ್ಲ, ನಗುವವರಿರಲಿಲ್ಲ. ಚಕ್ರ ತಿರುಗಿತು, ತಿರುಗಿತು, ನಿಂತಿತು. ಒಂದು ಸಾಲು.

ಶೇವಂತಾ ಕಾಂಬಳೆ. ಜುಗೂಳ. ಎಪ್ಪತ್ತೊಂದು. ಮಂಗಸೂಳಿ, ಶಾಲೆ. ನಿತ್ರಾಣ. ಜೊತೆಗೆ ಯಾರೂ ಇಲ್ಲ. ಮೊಮ್ಮಗಳು ಸಾರಿಕಾ ಬರುವಳೆಂದು ಹೇಳುತ್ತಾರೆ.

ಮಂಗಸೂಳಿ ಇದೇ ದಂಡೆ. ಟಂಟಂ ಹತ್ತಿದರೆ ಎಲೆ ಅಡಿಕೆ ಹಾಕಿ ಉಗುಳುವುದರೊಳಗೆ ಊರು.

ಸಮ್ಮೇದ ಕುರ್ಚಿ ಹಿಂದೆ ನೂಕಿ ಎದ್ದ. ಆ ಹೊತ್ತಿಗೆ ರೈಲು ಶೇಡಬಾಳಕ್ಕೆ ಬಂದಿರಲಿಲ್ಲ. ಸಾರಿಕಾಳ ನಂಬರು ವಿಕ್ರಾಂತನ ಮುಂದಿನ ಚೀಟಿಯಲ್ಲಿತ್ತು. ಸಮ್ಮೇದನ ಬಾಯಿಂದ ಬಂದ ಮಾತು ಮಾತ್ರ ಬೇರೆ.

"ನೋಡ್ರಿಲ್ಲೆ! ನಂದ ಖರೇ! ಸರ್ಜ್ಯಾ ಗೆದ್ದಾನ!"

ಉಪ್ಪಿಟ್ಟಿನ ತಟ್ಟೆಗಳು ಕೆಳಗಿಳಿದವು. ಮಂದಿ ವೇದಿಕೆಗೆ ಮುಗಿಬಿದ್ದರು.

"ಎಲ್ಲಿ ಗೆದ್ದಾನ? ನಿಶಾಣಿ ಬಿದ್ದು ಎಷ್ಟೊತ್ತಾತು?" ಎಂದ ಮುರಗೆಪ್ಪ. "ನಿಶಾಣಿ ಬಿದ್ದ ಮ್ಯಾಲೆ ಬಂದ ಗಾಡಿ ಲೆಕ್ಕಕ್ಕ ಇಲ್ಲ."

"ಅಲ್ಲೋ ಮಾಮಾ," ಧೂಳಪ್ಪ ಅಂಗೈ ಗುದ್ದಿದ, "ಹರಣ್ಯಾ ಗೆರೀನ ತಪ್ಪಿ ಓಡ್ಯಾನ! ಕಬ್ಬಿನ ಹೊಲಕ್ಕ ನುಗ್ಗಿದ ಗಾಡಿಗೆ ಯಾರರ ನಂಬರ ಕೊಡತಾರೇನು?"

"ತಪ್ಪಿ ಓಡ್ಯಾನಂತ ನಿನಗ ಹ್ಯಾಂಗ ಗೊತ್ತು? ರಾಯಬಾಗದಾಗೂ ಒಬ್ಬಾಕಿ ಶೇವಂತಾ ಇದ್ದಾಳು."

"ಜುಗೂಳದ ಶೇವಂತಾ ಒಬ್ಬಾಕೀನ!"

"ನೀ ಎಣಿಸಿ ಬಂದಿಯೇನು?"

ಈ ಗದ್ದಲದಲ್ಲಿ ವಿಕ್ರಾಂತ ತಾನು ತೆಗೆದ ಹಾಳೆಯನ್ನು ಮೊದಲ ಸಲ ಪೂರ್ತಿ ಓದಿದ. ರಾಯಬಾಗದ ಶಾಲೆಯ ಪಟ್ಟಿ. ಮೇಲೆ ಒಂದು ಕಡೆ ಶೇವಂತಾ ಕಾಂಬಳೆ, ಕುಡಚಿ. ಬಹಳ ಕೆಳಗೆ, ಬೇರೆ ಯಾವನೋ ಗಂಡಸಿನ ಮುಂದೆ, ಜುಗೂಳ. ಅವನ ಎಂಜಿನ್ನು ಶಬ್ದಗಳನ್ನು ಕಂಡಿತ್ತು. ಅವು ಒಂದೇ ಮನುಷ್ಯನವೋ ಅಲ್ಲವೋ ಎಂದು ನೋಡುವುದು ಅದರ ಕೆಲಸವಾಗಿರಲಿಲ್ಲ. ವಿಕ್ರಾಂತನ ಕೆನ್ನೆಯ ಗುಳಿ ಮಾಯವಾಯಿತು. ಸುತ್ತ ನೋಡಿದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಪರದೆಯನ್ನು ನಿಧಾನವಾಗಿ ತನ್ನ ಕಡೆಗೆ ತಿರುಗಿಸಿಕೊಂಡ.

ಜಗಳ ಏರಿತು. ಗೀಟು ಯಾರ ಕೆಳಗೆ ಬರಬೇಕು, ಬಿಸ್ಕೀಟಿನ ಪುಡಾ ಯಾರು ಯಾರಿಗೆ ತಿರುಗಿ ಕೊಡಬೇಕು, ಹೋದ ವರ್ಷದ ಯಾವುದೋ ಬಯಲಿನಲ್ಲಿ ನೊಗ ಮುರಿದ ಗಾಡಿಗೆ ಪಂಚರು ಏನು ನ್ಯಾಯ ಹೇಳಿದ್ದರು. ದೂರ, ಜೋಳದ ಹೊಲಗಳ ಆಚೆ, ರೈಲು ಕೂಗಿದ್ದು ಕೇಳಿಸಿತು. ಒಬ್ಬಿಬ್ಬರು ತಲೆ ಎತ್ತಿದರು. ಮತ್ತೆ ಜಗಳಕ್ಕೆ ಬಂದರು.

"ಸುಮ್ಮನಾಗ್ರಿ!" ಎಂದ ಕಡೆಗೆ ಮುರಗೆಪ್ಪ. ಪಂಚನ ಗತ್ತು ಅವನ ದನಿಯಲ್ಲಿ ಬಂದಿತ್ತು. "ಆ ಹುಡುಗಿ ರಾಯಬಾಗ ಮುಟ್ಟತಾಳ. ಮುಟ್ಟಿದಾಕಿ ಫೋನ್ ಮಾಡೇ ಮಾಡತಾಳ. ಅಲ್ಲಿ ಮುದುಕಿ ಇದ್ರ ಹರಣ್ಯಾ, ಇಲ್ಲಂದ್ರ ಸರ್ಜ್ಯಾ. ಅಲ್ಲೀತನಕಾ ನಿಕಾಲ ಇಲ್ಲ."

ನ್ಯಾಯ ಎಲ್ಲರಿಗೂ ಒಪ್ಪಿಗೆಯಾಯಿತು. ಸಮ್ಮೇದನಿಗೂ.

ರೈಲು ಸೇತುವೆಯ ಮೇಲೆ ಆಮೆಯಂತೆ ನಡೆಯಿತು. ಕಿಟಕಿಯ ಕೆಳಗೆ ನೀರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬೆಲ್ಲದ ಪಾಕದ ಬಣ್ಣ. ಒಂದು ಬಣವೆ ತೇಲಿಹೋಯಿತು, ಅದರ ಮೇಲೊಂದು ಕೋಳಿ ಯಜಮಾನಿಯ ಹಾಗೆ ಕೂತಿತ್ತು. ಸಾರಿಕಾಗೆ ನಗೆ ಬಂತು. ಆಯಿಗೆ ಇದನ್ನು ಹೇಳಬೇಕು ಅನ್ನಿಸಿತು.

ಹೊಳೆ ಏರಿದಾಗಲೆಲ್ಲ ಆಯಿ ಹೇಳುತ್ತಿದ್ದ ಕಥೆಯೊಂದಿತ್ತು. ಮಡುವಿನ ತಳದಲ್ಲಿ ಮೊಸಳೆಯ ಮಗಳ ಮದುವೆ. ಬೀಗರು ಬರಬೇಕಲ್ಲ, ಮೊಸಳೆ ನೀರಿನ ಕೈಯಲ್ಲಿ ಅಕ್ಷತೆ ಕೊಟ್ಟು ಮನೆಮನೆಗೆ ಕಳಿಸುತ್ತದೆ. ಹೋದವರು ಉಣ್ಣುತ್ತಾರೆ, ಉಡಿ ತುಂಬಿಸಿಕೊಳ್ಳುತ್ತಾರೆ, ಮನೆಗೆ ಬರುತ್ತಾರೆ. ಒಬ್ಬ ಮುದುಕಿಯನ್ನು ಮಾತ್ರ ಮೊಸಳೆ ಬಿಡುವುದಿಲ್ಲ, ತನ್ನ ಮರಿಗಳಿಗೆ ಕಥೆ ಹೇಳಲು ಇಟ್ಟುಕೊಳ್ಳುತ್ತದೆ.

"ಆಮ್ಯಾಲೆ ಆ ಮುದುಕಿ ಬರೂದ ಇಲ್ಲೇನ ಆಯಿ?" ಸಣ್ಣ ಸಾರಿಕಾ ಪ್ರತಿ ಸಲ ಅಳುವ ಹಾಗಾಗಿ ಕೇಳುತ್ತಿದ್ದಳು.

"ಬರದ ಏನು? ಆಕಿ ಮೊಮ್ಮಗಳು ಹೊಳಿ ದಾಟಿ ಹೋಗಿ, ಮೊಸಳಿ ಮೂಗು ಹಿಂಡಿ ಕರಕೊಂಡು ಬರತಾಳ."

ಸಾರಿಕಾ ಥರ್ಮಾಸಿನ ಮುಚ್ಚಳ ಬಿಗಿ ಮಾಡಿ ನೋಡಿದಳು. ಹೊಳೆ ದಾಟುತ್ತಿದ್ದೇನೆ ಆಯಿ, ಎಂದಳು ಮನಸ್ಸಿನಲ್ಲಿ. ರೈಲು ಅವಳನ್ನು ಆಯಿಯಿಂದ ದೂರ, ದೂರ ಒಯ್ಯುತ್ತಿತ್ತು.

ಅದೇ ಹೊತ್ತಿಗೆ ಮಂಗಸೂಳಿಯ ಶಾಲೆಯಲ್ಲಿ ಶೇವಂತಾ ಗೋಡೆಗೆ ಒರಗಿ ಕೂತಿದ್ದಳು. ಎಷ್ಟು ನೀರು ಕುಡಿದರೂ ನೀರಡಿಕೆ ಹೋಗುತ್ತಿರಲಿಲ್ಲ. ಊರು ಮುಳುಗಿಸಿದ ಹೊಳೆಯನ್ನೇ ಕುಡಿದುಬಿಡಬೇಕು ಅನ್ನುವಂಥ ನೀರಡಿಕೆ. ಅಲ್ಲಿ ಸೇವೆಗೆ ಬಂದಿದ್ದ ಲಕ್ಷ್ಮಿಬಾಯಿ ಹಿಂದಿನ ದಿನವೇ ಎಲ್ಲರನ್ನೂ ಕೇಳಿದ್ದಳು, ಯಾರಿಗಾದರೂ ಬಿ.ಪಿ., ಸಕ್ಕರೆ ಬೇನೆ ಇದೆಯೇ ಎಂದು. ಶೇವಂತಾ ಬಾಯಿ ಬಿಟ್ಟಿರಲಿಲ್ಲ. ಮೊಮ್ಮಗಳು ತುಂಬಿಟ್ಟ ಸೂಜಿ ಬಿಟ್ಟರೆ ಬೇರೆ ಸೂಜಿಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ.

"ಏನರ ಬೇಕೇನ ಆಯಿ?" ಎಂದು ಲಕ್ಷ್ಮಿಬಾಯಿ ಈಗ ಮತ್ತೆ ಕೇಳಿದಳು.

"ನನಗ ಬೇಕಾದ್ದು ನನ್ನ ಮೊಮ್ಮಗಳ ಕಡೆ ಐತವ್ವಾ. ಆಕಿ ಬಂದಾಳಂದ್ರ ಎಲ್ಲಾ ಬರತೈತಿ." ಶೇವಂತಾ ಕಣ್ಣು ಮುಚ್ಚಿದಳು. "ಸ್ವಲ್ಪ ಅಡ್ಡಾಗತೇನಿ. ಆಕಿ ಬಂದ ಮ್ಯಾಲೆ ಎಬ್ಬಸು."

ಲಕ್ಷ್ಮಿಬಾಯಿ ಮೇಲೊಂದು ಚಾದರ ಹೊದೆಸಿ ಹೋದಳು. ದಣಿದ ಮುದುಕಿ, ಮಲಗಲಿ.

ರಾಯಬಾಗದ ಶಾಲೆಯಲ್ಲಿ ಸಾರಿಕಾ ಹೆಸರು ಹೇಳಿದ ಕೂಡಲೇ ಒಬ್ಬ ಹೆಂಗಸು ಎದ್ದು ಬಂದಳು. ನಲವತ್ತರ ಹತ್ತಿರದವಳು, ಕಂಕುಳಲ್ಲಿ ಕೂಸು.

"ನಾನ ಶೇವಂತಾ ಕಾಂಬಳೆ. ಕುಡಚಿಯಾಕಿ. ಏನವ್ವಾ?"

ಸಾರಿಕಾ ಅವಳ ಹಿಂದೆ ನೋಡಿದಳು, ಆ ಹಿಂದಿನವರ ಹಿಂದೆ ನೋಡಿದಳು. ಕೋಣೆ ಕೋಣೆ ತಿರುಗಿ, ಮಲಗಿದ ಮುದುಕಿಯರ ಮುಖದ ಸೆರಗು ಸರಿಸಿ ಬೈಸಿಕೊಂಡಳು. ಆಮೇಲೆ ಸ್ಟೇಷನ್ನಿಗೆ ಓಡಿದಳು. ನೀರು ಹಳಿಯ ಕೆಳಗಿನ ಮಣ್ಣು ಕೊರೆದಿದೆ, ಇನ್ನು ಯಾವ ಗಾಡಿಯೂ ದಾಟುವುದಿಲ್ಲ ಎಂದು ಅಲ್ಲಿಯವರು ಹೇಳಿದರು. ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಕೂತು ಅವಳು ಕಾಗವಾಡಕ್ಕೆ ಫೋನು ಹಚ್ಚಿದಳು.

ಫೋನು ವಿಕ್ರಾಂತನ ಮುಂದೆ ಬಡಿದುಕೊಂಡಿತು.

"ಆಕೀದೋ? ಆಕೀದೋ? ಸ್ಪೀಕರ್ ಹಾಕಲೇ!" ಮುರಗೆಪ್ಪ ಕೈ ಎತ್ತಿ ಮಂದಿಯನ್ನು ಸುಮ್ಮನಾಗಿಸಿದ.

"ಅಣ್ಣಾರ..." ಸಾರಿಕಾಳ ದನಿ ಗೋಡೆಗಳಿಗೆಲ್ಲ ತಾಗಿತು. "ಇಲ್ಲಿರೂ ಶೇವಂತಾ ನಮ್ಮಾಯಿ ಅಲ್ರಿ. ಕುಡಚಿಯಾಕಿ ಯಾರೋ. ನಮ್ಮಾಯಿ ಇಲ್ಲಿ ಇಲ್ರಿ."

ಚಾವಣಿ ಹಾರುವಂಥ ಕೇಕೆ ಎದ್ದಿತು. ಧೂಳಪ್ಪ ಟೊಪ್ಪಿಗೆ ಮೇಲಕ್ಕೆ ತೂರಿದ. ಸರ್ಜ್ಯಾನ ಕಡೆಯವರು ಸಿಳ್ಳು ಹಾಕಿದರು, ತಟ್ಟೆ ಬಡಿದರು. ಯಾರೋ ಸಮ್ಮೇದನನ್ನು ಹೆಗಲ ಮೇಲೆ ಎತ್ತಲು ನೋಡಿದರು. ಮುರಗೆಪ್ಪ, ನ್ಯಾಯಕ್ಕೆ ತಪ್ಪದವನು, ಹರಣ್ಯಾನ ಒಂದು ಗೀಟು ಒರೆಸಿ ಸರ್ಜ್ಯಾನ ಕೆಳಗೆ ಎಳೆದ.

"ಏನಾತ್ರಿ ಅಲ್ಲಿ?" ಫೋನಿನಿಂದ ದನಿ ಕೇಳುತ್ತಲೇ ಇತ್ತು. "ಹಲೋ? ಅಣ್ಣಾರ, ಯಾಕ ಕೂಗಾಕತ್ತಾರ್ರಿ?"

ವಿಕ್ರಾಂತ ಏನೋ ಮಾಡಬೇಕೆಂದು ಅದೇ ಹೆಸರನ್ನು ಮತ್ತೆ ಬರೆದು ಒತ್ತಿದ. ಅದೇ ಉತ್ತರ, ಮೊದಲಿಗಿಂತಲೂ ಬೇಗ. ಒಮ್ಮೆ ಹೇಳಿದ್ದು ಅದರ ನಾಲಿಗೆಯ ತುದಿಯಲ್ಲೇ ಇತ್ತು. ರಾಯಬಾಗ. ಅವನು ಫೋನನ್ನು ಸಮ್ಮೇದನ ಕಡೆ ತಳ್ಳಿದ.

"ನಿಮ್ಮಾಯಿ ಮಂಗಸೂಳ್ಯಾಗ ಅದಾರ," ಎಂದ ಸಮ್ಮೇದ. "ಶಾಲ್ಯಾಗ. ಜುಗೂಳ, ಎಪ್ಪತ್ತೊಂದು. ಅವರ."

ಆ ಕಡೆ ಅವಳು ನಕ್ಕಳು, ನಗುತ್ತಲೇ ಅತ್ತಳು.

"ಸಿಕ್ಕರೇನ್ರಿ? ಅದಕ್ಕ ಹಂಗ ಕೂಗಿದ್ರೇನ್ರಿ ಎಲ್ಲಾರೂ? ಅಷ್ಟೂ ಮಂದಿ ನಮ್ಮಾಯಿ ಸಲುವಾಗಿ... ದೇವರಂಥ ಮಂದಿ ರೀ ನೀವು. ಯಾವಾಗ ಗೊತ್ತಾತ್ರಿ ನಿಮಗ?"

ಸಮ್ಮೇದ ಹಲಗೆಯ ಕಡೆ ನೋಡಿದ. ಸುಣ್ಣದ ಗೀಟು ಇನ್ನೂ ಹಸಿಯಾಗಿತ್ತು.

"ಈಗ," ಎಂದ. "ಈಗ ಗೊತ್ತಾತು."

"ಅಣ್ಣಾರ, ನನಗ ಹೊಳಿ ದಾಟಾಕ ಬರೂದಿಲ್ಲ. ಗಾಡಿ ಬಂದ್ ಆಗ್ಯಾವ. ನೀವ ಯಾರರ ಹೋಗಿ ಹೇಳ್ರಿ, ಆಕಿಗೆ ಸಕ್ಕರಿ ಬ್ಯಾನಿ ಐತಿ, ಸೂಜಿ ಬೇಕು. ಆಕಿ ತಾನಾಗಿ ಹೇಳೂದಿಲ್ರಿ, ಭಾಳ ಹಟಾ. ನನ್ನ ಹೆಸರ ಹೇಳ್ರಿ. ಸಾರಿಕಾನ ಹೇಳ್ಯಾಳ, ಹಾಕಸ್ಕೋ ಅಂತ. ಅಂದ್ರ ಹಾಕಸ್ಕೋತಾಳ."

ಸಮ್ಮೇದ ಮಂಗಸೂಳಿಗೆ ಫೋನು ಮಾಡಿದ. ಟಾವರು ಸಿಗಲಿಲ್ಲ. ಮತ್ತೆ ಮಾಡಿದ. ಕಡೆಗೆ ಲಕ್ಷ್ಮಿಬಾಯಿ ಎತ್ತಿದಳು.

"ಆ ಆಯೀನಾ? ಆಗಳೇ ಅಡ್ಡಾಗ್ಯಾರ್ರಿ. ಮೊಮ್ಮಗಳು ಬಂದ ಮ್ಯಾಲೆ ಎಬ್ಬಸು ಅಂದಾರ. ಹಂಗ ಬಿಟ್ಟೇನಿ."

"ಎಬ್ಬಸ್ರಿ. ಈಗ ಎಬ್ಬಸ್ರಿ."

ಅವಳ ಹೆಜ್ಜೆ ಸಪ್ಪಳ ದೂರವಾಯಿತು. 'ಆಯಿ', ಅಂದದ್ದು ಕೇಳಿಸಿತು. 'ಆಯಿ, ಏಳ್ರಿ.' ಮತ್ತೊಮ್ಮೆ, ಜೋರಾಗಿ. ಅಷ್ಟರಲ್ಲಿ ಲೈನು ಕಡಿಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಹತ್ತಲಿಲ್ಲ.

ಕೆಳಗೆ ಸರ್ಜ್ಯಾನ ಕಡೆಯವರು ಬಿಸ್ಕೀಟು ಹಂಚುತ್ತಿದ್ದರು. ಧೂಳಪ್ಪ ಒಂದು ಪುಡಾ ತಂದು ಸಮ್ಮೇದನ ಮುಂದಿಟ್ಟ. "ತಗೋಳೋ ಸಾವಕಾರ. ಇವತ್ತ ಮಾನಾ ಉಳಿಸಿದಿ."

ಸಮ್ಮೇದ ಬೇರೆ ದಾರಿ ಕಾಣದೆ ಹೆಸರು ಬರೆದು ಒತ್ತಿದ. ಚಕ್ರ ತಿರುಗತೊಡಗಿತು. ಒಂದು ಕೇಂದ್ರ, ಇನ್ನೊಂದು ಕೇಂದ್ರ, ಒಬ್ಬೊಬ್ಬರ ಮಾರಿ ನೋಡುತ್ತ. ಅದು ಇಷ್ಟು ಬೇಗ ತಿರುಗಿದ್ದು ಇದೇ ಮೊದಲು ಅನ್ನಿಸಿತು ಅವನಿಗೆ. ಸಾಲು ಬಂತು. ಹೆಸರು ಅದೇ, ಊರು ಅದೇ, ಎಪ್ಪತ್ತೊಂದು ಅದೇ. 'ನಿತ್ರಾಣ' ಎಂದಿದ್ದ ಜಾಗದಲ್ಲಿ ಮಂಗಸೂಳಿಯವರು ಈಗಷ್ಟೇ ತಿದ್ದಿದ್ದರು: 'ತೀರಿಕೊಂಡಿದ್ದಾರೆ.' ಮೊಮ್ಮಗಳು ಬರುವಳೆಂಬ ಮಾತನ್ನು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ.

ಫೋನು ಬಡಿಯಿತು. ಸಾರಿಕಾ.

"ಹಾಕಿದರೇನ್ರಿ ಸೂಜಿ?"

ಸಮ್ಮೇದ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡ. ವಿಕ್ರಾಂತ ಮುಖ ಎತ್ತಲಿಲ್ಲ.

"ಮಂಗಸೂಳಿಗೆ ಲೈನ್ ಹತ್ತವಲ್ದು," ಎಂದ ಸಮ್ಮೇದ. "ಕಂಪ್ಯೂಟರ್ನ್ಯಾಗ ನೋಡಾಕತ್ತೇನಿ. ಇನ್ನೂ... ಇನ್ನೂ ತಿರುಗಾಕತ್ತೈತಿ."

"ತಿರುಗಲಿ ಬಿಡ್ರಿ," ಎಂದಳು ಸಾರಿಕಾ. ಅವಳ ದನಿಯಲ್ಲಿ ಈಗ ದಣಿವಿನ ಜೊತೆಗೆ ಒಂದು ನಿರಾಳ. "ನಿಮ್ಮದ ಖರೇ ಹೇಳತೈತಿ. ಆಗ ನಾನ ಗಡಿಬಿಡಿ ಮಾಡಿದೆ. ಈ ಸಲ ನೀವು ನಿಲ್ಲಸಬ್ಯಾಡ್ರಿ ಅಣ್ಣಾರ. ನಾ ಫೋನ್ ಇಡೂದಿಲ್ಲ, ಕಾಯ್ತೇನಿ."

ಅವಳು ಕಾದಳು. ಅವಳ ಉಸಿರು ಅವನ ಕಿವಿಯಲ್ಲಿ ಬಂದು ಹೋಗುತ್ತಿತ್ತು. ಟೇಬಲ್ಲಿನ ಆ ಕಡೆ ಒಬ್ಬ ಹೆಂಗಸು ಬಂದು ನಿಂತು, ನನ್ನ ಮಗ ಎಂದಳು. ಮುರಗೆಪ್ಪ ವಲ್ಲಿ ಎತ್ತಿದ.